ದೊಡ್ಡವ್ವನ ಎಡಗಣ್ಣು

ಗಂಗಾವತಿಯ ಮಟನ್ ಅಂಗಡಿಗಳ ಸಾಲಿಗೆ ವಾರವಾರ ತಪ್ಪದೆ ಹೋಗುತ್ತಿದ್ದ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಣ್ಣುಮಗಳು ಆ ಕಾಲದಲ್ಲಿ ನಾನೊಬ್ಬಳೇ ಇದ್ದೆನೆಂದು ಕಾಣುತ್ತದೆ. ಮನೆಯಲ್ಲಿ ತತ್ತಿಯನ್ನೂ ಮುಟ್ಟದವಳು ಭಾನುವಾರ ಬೆಳಿಗ್ಗೆ ಥರ್ಮಾಸ್ ಹಿಡಿದು ಆಡು ಕೊಯ್ಯುವ ಸಾಹೇಬರ ಅಂಗಡಿಯ ಮುಂದೆ ನಿಂತಿರುತ್ತಿದ್ದೆ. ನನಗೆ ಬೇಕಾದದ್ದು ಕಣ್ಣು ಮಾತ್ರ. ಅದೂ ಆಗಷ್ಟೇ ಕೊಯ್ದ ಆಡಿನ, ಇನ್ನೂ ಬೆಚ್ಚಗಿರುವ ಕಣ್ಣು.

"ಅಕ್ಕಾರ, ತಲಿ ಬ್ಯಾಡ ಅಂತೀರಿ, ಕಾಲ ಬ್ಯಾಡ ಅಂತೀರಿ. ಬರೇ ಕಣ್ಣ ಒಯ್ದು ಏನ್ ಮಾಡ್ತೀರಿ? ಮಾಟ ಗೀಟ ಮಾಡಸ್ತೀರೇನ್ ಮತ್ತ?" ಎಂದು ಸಾಹೇಬರು ನಗುತ್ತಿದ್ದರು.

"ಹೌದ್ರಿ, ಮೊದಲ ನಿಮಗ ಮಾಡಸ್ತೀನಿ. ಲಗೂ ಕೊಡ್ರಿ, ಆರಿದ್ರ ಕೆಲಸಕ್ಕ ಬರೂದಿಲ್ಲ" ಎಂದು ನಾನು ಗದರುತ್ತಿದ್ದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಂತೂ ಜಗತ್ತೇ ನನ್ನ ಕೆಲಸಕ್ಕೆ ಅಡ್ಡ ನಿಂತಿದೆ ಎನ್ನುವ ಹಾಗೆ ಓಡಾಡುತ್ತಿದ್ದೆ.

ನಾನು ಅಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಜೊತೆಗೆ ಧಾರವಾಡದ ಹಿರಿಯ ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಕಣ್ಣುಗುಡ್ಡೆಯೊಳಗೆ ನೀರಿರುತ್ತದೆ. ಅದು ಹುಟ್ಟುತ್ತಲೂ ಇರಬೇಕು, ಹರಿದುಹೋಗುತ್ತಲೂ ಇರಬೇಕು. ಹೋಗುವ ದಾರಿ ಕಟ್ಟಿದರೆ ಒಳಗಿನ ಒತ್ತಡ ಏರುತ್ತದೆ, ಏರಿದ ಒತ್ತಡ ಕಣ್ಣಿನ ಹಿಂದಿರುವ ನರವನ್ನು ಹಿಂಡುತ್ತದೆ. ಹಾಗೆ ಹಿಂಡಿದಾಗ ಜೀವಂತ ನರದ ಎಳೆಗಳಲ್ಲಿ ಏನಾಗುತ್ತದೆ ಎನ್ನುವುದು ನನ್ನ ಪ್ರಶ್ನೆಯಾಗಿತ್ತು. ಪ್ರಯೋಗಾಲಯದ ಸೂರಿನ ಕೊಕ್ಕೆಗೆ ಹಗ್ಗ ಹಾಕಿ ಸಲಾಯಿನ್ ಬಾಟಲಿ ತೂಗುಬಿಡುತ್ತಿದ್ದೆ. ಅದರ ನಳಿಕೆಯ ಸೂಜಿಯನ್ನು ಆಡಿನ ಕಣ್ಣಿಗೆ ಚುಚ್ಚಿ ಹಗ್ಗ ಎಳೆಯುತ್ತಿದ್ದೆ. ಬಾಟಲಿ ಮೇಲೇರಿದಷ್ಟೂ ಕಣ್ಣಿನೊಳಗೆ ಒತ್ತಡ. ಬಾವಿಯಿಂದ ನೀರು ಸೇದುವ ಕೆಲಸಕ್ಕೂ ಇದಕ್ಕೂ ಹೊರಗಿನವರ ಕಣ್ಣಿಗೆ ಹೆಚ್ಚಿನ ವ್ಯತ್ಯಾಸವೇನೂ ಕಾಣುತ್ತಿರಲಿಲ್ಲ.

ಆಮೇಲೆ ಆ ನರವನ್ನು ಕತ್ತರಿಸಿ, ಕೆಡದಂತೆ ಔಷಧದಲ್ಲಿ ಹಾಕಿ, ಐಸಿನ ಥರ್ಮಾಸ್‌ನಲ್ಲಿಟ್ಟುಕೊಂಡು ಕೊಪ್ಪಳದಲ್ಲಿ ರೈಲು ಹತ್ತಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದ್ದದ್ದು ಬೆಂಗಳೂರಿನಲ್ಲಿ. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಊರ ಮುಂದಿನ ಅಗಸಿ ಮಾತ್ರ ಕಾಣುತ್ತಿತ್ತು. ಒಳಗಿನ ಓಣಿ, ಮನೆ, ಬಾಗಿಲು ಕಾಣಬೇಕಾದರೆ ಅಲ್ಲಿಗೇ ಹೋಗಬೇಕು. ಅದರ ಮುಂದೆ ಕೂರಲು ತಿಂಗಳುಗಟ್ಟಲೆ ಕಾದು ಸರದಿ ಪಡೆಯಬೇಕಿತ್ತು.

ನನ್ನ ಚಿತ್ರಗಳನ್ನು ನೋಡಿದ ಪ್ರಾಧ್ಯಾಪಕರು ಒಮ್ಮೆ ಹೇಳಿದರು: "ಆಡಿನ ಕಣ್ಣು ಒಂದು ತಾಸಿನ ಒತ್ತಡದ ಕತಿ ಹೇಳತದವಾ. ವರ್ಷಗಟ್ಟಲೆ ಒತ್ತಡ ತಿಂದ ಮನುಷ್ಯಾರ ಕಣ್ಣು ಒಂದು ಸಿಕ್ರ ನಿನ್ನ ಕೆಲಸಕ್ಕ ಬೆಲಿ ಬರತದ." ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಾದಿಯಲ್ಲಿ ಹೋಗುವ ಮುದುಕರ ಕಣ್ಣುಗಳನ್ನು ಒಂದು ಥರ ಆಸೆಯಿಂದ ನೋಡತೊಡಗಿದೆ. ಹೀಗೆ ಬರೆದುಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನೋಡಿದ್ದು ನಿಜ.

ನನ್ನನ್ನು ಸಾಕಿದವಳು ಕುಷ್ಟಗಿಯ ದೊಡ್ಡವ್ವ, ನನ್ನ ತಾಯಿಯ ಅಕ್ಕ. ಯಲಬುರ್ಗಾ ತಾಲೂಕಿನ ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲವೆಂದು ಅವ್ವ ನನ್ನನ್ನು ಅವಳ ಮನೆಯಲ್ಲಿ ಬಿಟ್ಟಿದ್ದಳು. ದೊಡ್ಡವ್ವನಿಗೆ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಸುಗ್ಗಿಯಲ್ಲಿ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು, ಉಳಿದಂತೆ ಕೌದಿ ಹೊಲಿಯುತ್ತಿದ್ದಳು. ಊರವರು ಹಳೆಯ ಸೀರೆ, ಧೋತರ, ಹರಿದ ಅಂಗಿ ತಂದು ಸುರಿದರೆ ಅವನ್ನೆಲ್ಲ ಒಂದರ ಮೇಲೊಂದು ಹಾಸಿ, ಓಣಿಯ ಹೆಂಗಸರನ್ನು ಕೂಡಿಸಿಕೊಂಡು, ಹೊದೆಯುವ ಕೌದಿ ಮಾಡಿ ಕೊಡುವಳು. ಅವಳ ಹೊಲಿಗೆಯ ಸಾಲು ಬಿತ್ತಿದ ಜೋಳದ ಸಾಲಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಕೊನೆಯ ಮೂಲೆಯ ತೇಪೆಯೊಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಹೊಲಿದ ಮೇಲೆಯೇ ಕೌದಿ ಮುಗಿದ ಲೆಕ್ಕ. "ಹಸದ ಕೌದಿ ನಿದ್ದಿ ಕೊಡೂದಿಲ್ಲ" ಎನ್ನುವಳು. ನಾನು ಬಿ.ಎಸ್ಸಿ., ಎಂ.ಎಸ್ಸಿ. ಓದಿದ್ದು ಆ ಸೂಜಿಯಿಂದ.

ಅವಳ ಎಡಗಣ್ಣು ನಾನು ಕೆಲಸಕ್ಕೆ ಸೇರುವ ಹೊತ್ತಿಗೇ ಮಂಜಾಗಿತ್ತು. ಪೊರೆ ಇರಬೇಕು ಎಂದುಕೊಂಡು ಎಲ್ಲರೂ ಸುಮ್ಮನಿದ್ದೆವು. ಕಣ್ಣಿನ ಒತ್ತಡದ ಬಗ್ಗೆ ಪುಟಗಟ್ಟಲೆ ಓದಿದ್ದ ನಾನೂ ಸುಮ್ಮನಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನಾನು ಅಂಥ ದೀಪ. ಒಂದು ಬೇಸಿಗೆಯಲ್ಲಿ ಆ ಕಣ್ಣು ಕೆಂಡದಂತೆ ಕೆಂಪಾಯಿತು. ದೊಡ್ಡವ್ವ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಗೋಡೆಗೆ ತಲೆ ಒತ್ತುತ್ತ ಕೂತಳು, ಉಂಡದ್ದೆಲ್ಲ ಕಾರಿದಳು. ಆಗ ನಾನು ಅವಳನ್ನು ಹುಬ್ಬಳ್ಳಿಯ ಒಂದು ಕಣ್ಣಿನ ದವಾಖಾನೆಗೆ ಕರೆದೊಯ್ದೆ.

ಡಾಕ್ಟರು ರೆಪ್ಪೆಯ ಮೇಲೆ ಬೆರಳಿಟ್ಟು, "ಗೋಲಿ ಹಂಗ ಗಟ್ಟಿಯಾಗೇದ" ಎಂದರು. ಆ ಕಣ್ಣಿಗೆ ಬೆಳಕೇ ಕಾಣುತ್ತಿರಲಿಲ್ಲ. ನೋವು ಹೋಗಬೇಕಾದರೆ ಗುಡ್ಡೆಯನ್ನೇ ತೆಗೆಯಬೇಕು ಎಂದರು. ಆಮೇಲೆ ಬಲಗಣ್ಣನ್ನೂ ನೋಡಿ, ಅದರಲ್ಲೂ ಒತ್ತಡ ಏರುತ್ತಿದೆ ಎಂದು ಹೇಳಿದರು. "ಇದು ಕಳ್ಳ ರೋಗ ನೋಡ್ರಿ. ನೋವಿಲ್ಲ, ಏನಿಲ್ಲ. ಅಂಚಿನಿಂದ ತಿನಕೋತ ನಡುವಿಗೆ ಬರತದ. ಹೋದ ನೋಟ ತಿರುಗಿ ಬರೂದಿಲ್ಲ. ಈ ಹನಿ ದಿನಾ ಮೂರು ಹೊತ್ತು, ಜೀವ ಇರೂ ತನಕ. ಆರು ತಿಂಗಳಿಗೊಮ್ಮೆ ಕರಕೊಂಡು ಬಂದು ಒತ್ತಡ ಅಳತಿ ಮಾಡಿಸಿ ಹೋಗ್ರಿ."

ನಾನು ತಲೆಯಾಡಿಸಿದೆ. ಡಾಕ್ಟರು ಬಲಗಣ್ಣಿನ ಮಾತು ಆಡುತ್ತಿದ್ದರೆ ನನ್ನ ಮನಸ್ಸು ಎಡಗಣ್ಣಿನಲ್ಲಿತ್ತು. ಅದನ್ನು ಯಾವ ಔಷಧದಲ್ಲಿ ಇಡಬೇಕು, ಐಸು ಎಲ್ಲಿ ಸಿಗುತ್ತದೆ, ಬೆಂಗಳೂರಿನ ಸರದಿ ಯಾವಾಗ ಎಂದು ಯೋಚಿಸುತ್ತಿದ್ದೆ. ಇವತ್ತಿಗೂ ಆ ಗಳಿಗೆ ನೆನಪಾದರೆ ನನ್ನ ಮುಖ ಬಿಸಿಯಾಗುತ್ತದೆ.

ತೆಗೆದ ಕಣ್ಣನ್ನು ನನಗೆ ಕೊಡಿ ಎಂದು ಕೇಳಿದೆ, ಡಾಕ್ಟರು ಒಪ್ಪಿದರು. ದೊಡ್ಡವ್ವನನ್ನು ಒಪ್ಪಿಸಬೇಕಿತ್ತು. ದವಾಖಾನೆಯ ಮಂಚದ ಮೇಲೆ ಕೂತಿದ್ದವಳ ಹತ್ತಿರ ಹೋದೆ.

"ದೊಡ್ಡವ್ವ, ತಗದ ಕಣ್ಣು ನನಗ ಬೇಕು."

"ನನಗ ಬ್ಯಾಡಾದದ್ದು ನಿನಗ್ಯಾಕವಾ?"

"ಹಿಂಗ ಯಾಕ ಆತು ಅಂತ ಮಷೀನಿನಾಗ ನೋಡಾಕ. ನನ್ನ ಓದಿಗಿ ಬೇಕು."

"ನೋಡಿದ ಮ್ಯಾಲ ತಂದುಕೊಡ್ತಿಯಿಲ್ಲ?" ಎಂದಳು.

"ತಗೊಂಡು ಏನ್ ಮಾಡ್ತಿ?"

"ಮಣ್ಣಿಗಿ ಹೋಗೂವಾಗ ನಾ ಪೂರಾ ಹೋಗಬೇಕವಾ. ಮೈ ತೊಳದು, ಇಭೂತಿ ಹಚ್ಚಿ, ಕುಂಡ್ರಿಸಿ, ಎಲ್ಲಾ ಮಾಡಿ, ಒಂದ್ ಕಣ್ಣ ಇಲ್ದ ಕಳಸಿದ್ರ ಹೆಂಗ? ಬಿದ್ದ ಹಲ್ಲು ಸೈತ ಎಲಿಅಡಿಕಿ ಡಬ್ಬ್ಯಾಗ ಇಟ್ಟೀನಿ ನಾ."

ಹಲ್ಲಿನ ಡಬ್ಬಿಯ ಸಂಗತಿ ನನಗೆ ಗೊತ್ತಿತ್ತು. ಸಣ್ಣವಳಿದ್ದಾಗ ಅಡಿಕೆ ಎಂದು ತಿಳಿದು ಒಮ್ಮೆ ಬಾಯಿಗೂ ಹಾಕಿಕೊಂಡಿದ್ದೆ. ನಗು ಬಂತು. ನಗುತ್ತಲೇ "ತಂದುಕೊಡ್ತೀನಿ" ಎಂದು ಮಾತು ಕೊಟ್ಟೆ. ಆ ಕಣ್ಣು ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕಾದರೆ ಏನೇನಾಗಬೇಕು ಎನ್ನುವುದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಗಬೇಕಾದದ್ದು ಆಯಿತು. ನರದ ತುದಿಯನ್ನು ಸಾಸಿವೆಯಷ್ಟು ಸಣ್ಣ ತುಣುಕು ಮಾಡಿ, ಅಂಟಿನಂಥ ರಾಳದಲ್ಲಿ ಹುದುಗಿಸಿ, ಒಲೆಯಲ್ಲಿಟ್ಟು ಗಟ್ಟಿ ಮಾಡಿದೆವು. ಬೆಂಗಳೂರಿನಲ್ಲಿ ಗಾಜನ್ನು ಮುರಿದು ಮಾಡಿದ ಚಾಕುವಿನಿಂದ ಅದನ್ನು ಹೆರೆದರು. ಹೆರೆದ ಪದರು ಎಷ್ಟು ತೆಳು ಎಂದರೆ ಕೈಯಲ್ಲಿ ಹಿಡಿಯಲು ಬರುವುದಿಲ್ಲ. ನೀರಿನ ಮೇಲೆ ತೇಲಿಬಿಟ್ಟಾಗ ಬೆಳ್ಳಿಯ ಬಣ್ಣ ಹೊಳೆದರೆ ಮಾತ್ರ ಅಲ್ಲೊಂದು ವಸ್ತು ಇದೆ ಎಂದು ತಿಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ಹಸಿರು ಪರದೆಯ ಮೇಲೆ ದೊಡ್ಡವ್ವನ ನರದ ಎಳೆಗಳು ಮೂಡಿದವು. ಕಣ್ಣಿನ ಹಿಂಭಾಗದಲ್ಲಿ ಜರಡಿಯಂಥ ಒಂದು ಪದರಿದೆ. ಎಳೆಗಳು ಅದರ ತೂತುಗಳಲ್ಲಿ ಹಾದು ಮಿದುಳಿಗೆ ಹೋಗುತ್ತವೆ. ಆ ತೂತುಗಳು ಹಿಂಡಿ ಸೊಟ್ಟಗಾಗಿದ್ದವು. ಕೆಲವು ಎಳೆಗಳು ಉಬ್ಬಿದ್ದವು, ಕೆಲವು ಖಾಲಿ ಕೊಳವೆಗಳಾಗಿದ್ದವು. ಪುಸ್ತಕದಲ್ಲೂ ನಾನು ಅಂಥ ಚಿತ್ರ ನೋಡಿರಲಿಲ್ಲ. ಆ ಕೋಣೆಯಲ್ಲಿ ನಾನು ಕುಣಿಯುವುದೊಂದು ಬಾಕಿ. ಗೋಡೆಗೆ ತಲೆ ಒತ್ತುತ್ತ ಕೂತಿದ್ದವಳ ನೋವು ಇದು ಎನ್ನುವುದು ಆಗ ಒಂದು ಸಲವಾದರೂ ನೆನಪಾಯಿತೇ? ಇಲ್ಲ.

ಕಣ್ಣಿನ ಉಳಿದ ಭಾಗವನ್ನು ಧಾರವಾಡದಲ್ಲಿ ಮೇಣದಲ್ಲಿ ಹುದುಗಿಸಿ, ಹೆರೆದು, ಗಾಜಿನ ಪಟ್ಟಿಗಳ ಮೇಲೆ ಅಂಟಿಸಿದೆ. ಅಪರೂಪದ ವಸ್ತು ಎಂದು ಕೇಳಿದವರಿಗೆಲ್ಲ ಒಂದೊಂದು ಪಟ್ಟಿ ಕೊಟ್ಟೆ, ಮದುವೆ ಮನೆಯಲ್ಲಿ ಎಲೆಅಡಿಕೆ ಕೊಟ್ಟ ಹಾಗೆ. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ತೊಗರಿಬೇಳೆಯಷ್ಟು ಗಾತ್ರದ ಒಂದೆರಡು ರಾಳದ ತುಣುಕು. ಅದರೊಳಗೆ ಎಲ್ಲೋ ಒಂದು ಕಪ್ಪು ಚುಕ್ಕೆಯಾಗಿ ದೊಡ್ಡವ್ವ ಇದ್ದಳು.

ಮುಂದಿನ ಸಲ ಕುಷ್ಟಗಿಗೆ ಹೋದಾಗ ಹೊಸ್ತಿಲಲ್ಲೇ ಕೇಳಿದಳು, "ನನ್ನ ಕಣ್ಣು ಹೆಂಗೈತಿ?"

"ಛಲೋ ಐತಿ. ಇನ್ನೂ ಕೆಲಸ ನಡದೈತಿ" ಎಂದೆ.

ಅದರ ಮುಂದಿನ ಸಲವೂ ಕೇಳಿದಳು. ಅದರ ಮುಂದಿನ ಸಲವೂ. ಅವಳ ದನಿಯಲ್ಲಿ ಗದರಿಕೆಯಾಗಲಿ ಅನುಮಾನವಾಗಲಿ ಇರಲಿಲ್ಲ. ದನ ಹೆಂಗದಾವ, ಮಳಿ ಹೆಂಗೈತಿ ಎಂದು ಕೇಳುವ ಹಾಗೆ ಕೇಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನಗೆ ಅವಳ ಮನೆಯ ಓಣಿ ಕಂಡರೇ ಹೆಗಲು ತುರಿಸತೊಡಗಿತು. ಒಂದು ರಾತ್ರಿ ಉಳಿಯುತ್ತಿದ್ದವಳು ಒಂದು ಊಟಕ್ಕೆ ಇಳಿದೆ, ಊಟದಿಂದ ಚಹಾಕ್ಕೆ ಇಳಿದೆ.

ಅಷ್ಟರಲ್ಲಿ ನನ್ನ ಮದುವೆಯಾಯಿತು. ಯಜಮಾನರು ಇಳಕಲ್ಲಿನಲ್ಲಿ ಶಾಲೆಯ ಮಾಸ್ತರು, ನಾನು ಗಂಗಾವತಿಯಲ್ಲಿ. ವಾರಕ್ಕೊಮ್ಮೆ ಓಡಾಡುವ ಬಸ್ಸು ಕುಷ್ಟಗಿಯ ಮೇಲೆಯೇ ಹೋಗುತ್ತಿತ್ತು. ಅಲ್ಲಿ ಡ್ರೈವರು ಚಹಾ ಕುಡಿಯುವಷ್ಟು ಹೊತ್ತು ನಿಲ್ಲುತ್ತಿತ್ತು. ನನಗೆ ಅನುಕೂಲವೇ ಆಯಿತು. ಇಂಥ ದಿನ ಬಸ್‌ಸ್ಟ್ಯಾಂಡಿಗೆ ಬಾ ಎಂದು ದೊಡ್ಡವ್ವನಿಗೆ ಹೇಳಿ, ಕಣ್ಣಿನ ಹನಿಯ ಬಾಟಲಿಗಳನ್ನು ಕಿಟಕಿಯಿಂದಲೇ ಕೊಡುವ ರೂಢಿ ಮಾಡಿಕೊಂಡೆ. ಅವಳು ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡು ಬಿಸಿಲಲ್ಲಿ ನಿಂತಿರುತ್ತಿದ್ದಳು.

"ಇಳಿದು ಬಾರವಾ, ಬಿಸಿ ರೊಟ್ಟಿ ಮಾಡಿಟ್ಟೀನಿ."

"ಬಸ್ ಬಿಡ್ತಾರ ದೊಡ್ಡವ್ವ, ಮುಂದಿನ ವಾರ. ದಿನಾ ಹಾಕ್ಕೋ, ಮರೀಬ್ಯಾಡ."

"ಹಾಕ್ಕೊಂತೀನಿ. ನನ್ನ ಕಣ್ಣು ಹೆಂಗೈತಿ?"

"ಅಲ್ಲೇ ಐತಿ, ಅರಾಮ ಐತಿ!"

ಪಕ್ಕದಲ್ಲಿ ಕೂತವರು ನನ್ನನ್ನೂ ಅವಳನ್ನೂ ಒಮ್ಮೆ ನೋಡುತ್ತಿದ್ದರು. ಕಂಡಕ್ಟರು ಸೀಟಿ ಊದಿದರೆ ನನ್ನ ಎದೆ ಹಗುರಾಗುತ್ತಿತ್ತು.

ಖಾಲಿ ಬಾಟಲಿಗಳನ್ನು ತಿರುಗಿ ಕೊಡಬೇಕೆಂದು ಅವಳಿಗೆ ಕಟ್ಟುನಿಟ್ಟು ಮಾಡಿದ್ದೆ. ಹನಿ ಹಾಕಿಕೊಳ್ಳುತ್ತಾಳೋ ಇಲ್ಲವೋ ತಿಳಿಯಲು ನಾನು ಕಂಡುಕೊಂಡ ಉಪಾಯ ಅದು. ಪ್ರತಿ ಸಲ ಬಾಟಲಿ ಪೂರ್ತಿ ಖಾಲಿಯಾಗಿರುತ್ತಿತ್ತು, ಕೆಲವು ಸಲ ದಿನ ತುಂಬುವ ಮೊದಲೇ. ಓದುಬರಹ ಬಾರದಿದ್ದರೂ ಎಷ್ಟು ಶಿಸ್ತು ಎಂದು ಯಜಮಾನರ ಮುಂದೆ ಹೊಗಳುತ್ತಿದ್ದೆ. ಇಷ್ಟು ಶಿಸ್ತಿರುವವಳನ್ನು ಆರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಒಯ್ಯುವ ಅವಸರವೇನು ಎಂದು ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆ, ಪೇಪರು ತಿದ್ದುವುದು, ಪ್ರಬಂಧ ಬರೆಯುವುದು, ಬಸಿರು ಬಾಣಂತನ, ಒಂದಲ್ಲ ಒಂದು ನೆಪ ಸಿಗುತ್ತಿತ್ತು. ನಿಜವಾದ ಕಾರಣ ಬೇರೆ. ಹುಬ್ಬಳ್ಳಿಗೆ ಹೋಗಿ ಬರುವುದೆಂದರೆ ಇಡೀ ದಿನ ಅವಳ ಪಕ್ಕದಲ್ಲಿ ಕೂರಬೇಕು. ಇಡೀ ದಿನ ಆ ಒಂದು ಪ್ರಶ್ನೆಯ ಪಕ್ಕದಲ್ಲಿ ಕೂರಬೇಕು. ನನಗೆ ಆ ಧೈರ್ಯ ಇರಲಿಲ್ಲ. ವರ್ಷಗಳು ಹೀಗೇ ಹೋದವು, ನನ್ನ ಪ್ರಬಂಧ ಮುಗಿಯಿತು, ಹೆಸರಿನ ಹಿಂದೆ ಡಾಕ್ಟರ್ ಎಂದೂ ಸೇರಿತು.

ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡವ್ವ ಕಾಣಲಿಲ್ಲ. ಅವತ್ತೇ ನಮ್ಮ ಬಸ್ಸೂ ಕೆಟ್ಟು ನಿಂತಿತು. ಬೇರೆ ಬಸ್ಸು ಸಂಜೆಗೆ ಎಂದರು. ಬೇರೆ ದಾರಿಯಿಲ್ಲದೆ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಅವಳ ಮನೆಗೆ ನಡೆದೆ.

ಪಡಸಾಲೆಯ ತುಂಬ ಕೌದಿ ಹಾಸಿತ್ತು. ಸುತ್ತಲೂ ಓಣಿಯ ಹೆಂಗಸರು, ಎಲ್ಲರೂ ನಲವತ್ತು ದಾಟಿದವರು, ಹೊಲಿಯಲು ಕೂತಿದ್ದರು. ಎಲ್ಲರ ಮುಖವೂ ಮೇಲಕ್ಕಿತ್ತು. ದೊಡ್ಡವ್ವ ಕೈಯಲ್ಲಿ ನನ್ನ ಬಾಟಲಿ ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತ, "ಮ್ಯಾಲ ನೋಡು, ರೆಪ್ಪಿ ಬಡೀಬ್ಯಾಡ" ಎನ್ನುತ್ತ, ಬೆರಳಿನಿಂದ ತಡಕಿ ಕಣ್ಣು ಹುಡುಕಿ, ಹನಿ ಬಿಡುತ್ತಿದ್ದಳು. ದೇವಸ್ಥಾನದಲ್ಲಿ ತೀರ್ಥ ಕೊಡುವ ಗತ್ತು ಅವಳಿಗಿತ್ತು.

ಹನಿ ಹಾಕಿಸಿಕೊಂಡ ಒಬ್ಬಳು ನನ್ನನ್ನು ನೋಡಿ ಸಂಭ್ರಮದಿಂದ ಸೂಜಿ ಎತ್ತಿ ತೋರಿಸಿದಳು. "ಬರ್ರಿ ಅಕ್ಕಾರ! ನೋಡ್ರಿ, ನಿಮ್ಮ ಹನಿ ಹಾಕ್ಕೊಂಡ್ರ ಒಂದೀಟು ಹೊತ್ತು ಉರಿತೈತಿ, ಆಮ್ಯಾಲ ಸೂಜಿ ತೂತು ಸೈತ ಸ್ವಚ್ಛ ಕಾಣತೈತಿ. ಚಾಳೀಸದ ಚಸ್ಮಾದ ಖರ್ಚ ಉಳೀತು ನಮ್ಮದು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಆ ಹನಿ ಕಣ್ಣಿನ ಪಾಪೆಯನ್ನು ಕುಗ್ಗಿಸುತ್ತದೆ. ಪಾಪೆ ಸಣ್ಣದಾದರೆ ವಯಸ್ಸಾದವರಿಗೆ ಹತ್ತಿರದ್ದು ಸ್ವಲ್ಪ ಹೊತ್ತು ಚೆನ್ನಾಗಿ ಕಾಣುತ್ತದೆ. ನಾನು ಪ್ರತಿ ಸಲ ಖಾಲಿ ಕಂಡು ಹಿಗ್ಗಿದ್ದ ಬಾಟಲಿಗಳು ಹೀಗೆ ಖಾಲಿಯಾಗುತ್ತಿದ್ದವು. ದೊಡ್ಡವ್ವನ ಮನೆಯಲ್ಲಿ ಹೋಳಿಗೆ ಮಾಡಿದರೂ, ಯಾರೋ ದಾಳಿಂಬೆ ತಂದುಕೊಟ್ಟರೂ ಓಣಿಗೆಲ್ಲ ಹೋಗದೆ ಇರುತ್ತಿರಲಿಲ್ಲ. ಹನಿಯೊಂದು ಹೇಗೆ ಉಳಿಯುತ್ತದೆ?

ನಾನು ಸಿಡಿದುಬಿದ್ದೆ. "ಊರಿಗಿ ಉಪಕಾರಿ, ಮನಿಗಿ ಮಾರಿ! ಇದು ನಿನ್ನ ಕಣ್ಣಿಗಿ ಕೊಟ್ಟದ್ದು ದೊಡ್ಡವ್ವ, ನಿನಗೊಬ್ಬಾಕಿಗಿ! ದಿನಾ ಮೂರು ಹೊತ್ತು ಅಂತ ಹೇಳಿದ್ದಿಲ್ಲ? ನೀ ಯಾವಾಗ ಹಾಕ್ಕೊಂತಿ?"

"ಹೊಲಿಯಾಕ ಕುಂತ ದಿನ ಹಾಕ್ಕೊಂತೀನವಾ. ನೋವ ಇಲ್ಲಲ್ಲ ಆ ಕಣ್ಣಿಗಿ. ನೋವಿಲ್ಲದ ಕಣ್ಣಿಗಿ ದಿನಾ ಔಷಧ ಸುರುವಿ ಯಾಕ ಕೆಡಿಸೂದು?"

ನಾನು ಎಂದಾದರೂ ಅವಳ ಮುಂದೆ ಕೂತು, ನೋವಿಲ್ಲದೆ ಹೋಗುವ ರೋಗ ಇದು ಎಂದು ತಿಳಿಸಿ ಹೇಳಿದ್ದೆನೇ? ಹೇಳಲು ಕೂತರೆ ಮಾತು ಎಡಗಣ್ಣಿಗೆ ಬರುತ್ತದೆ ಎಂದು ಕೂತೇ ಇರಲಿಲ್ಲ. ಕಿಟಕಿಯಿಂದ ಕೂಗಿದ್ದಷ್ಟೇ.

ಅವಳು ದಾರ ಕತ್ತರಿಸಲು ಕತ್ತರಿ ಹುಡುಕಿದಳು. ಕತ್ತರಿ ಅವಳ ಬಲ ಮಂಡಿಯ ಹತ್ತಿರವೇ ಇತ್ತು. ಕಾಳು ಹುಡುಕುವ ಕೋಳಿಯ ಹಾಗೆ ಇಡೀ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದಳು. ಕೊನೆಗೆ ಕೈಯಿಂದ ನೆಲ ಸವರಿ ಹಿಡಿದಳು. ನಾನು ಕೌದಿಯ ಮೇಲೆ ಅವಳ ಹೊಲಿಗೆ ಹುಡುಕಿದೆ. ನೆಟ್ಟಗೆ ಹೋಗುತ್ತಿದ್ದ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ಬಸ್‌ಸ್ಟ್ಯಾಂಡಿಗೆ ಬಾರದೇ ಹೋದದ್ದು ಯಾಕೆಂದು ಕೇಳಿದೆ. "ಎತ್ತಿನ ಗಾಡಿ ಬಾಜೂಕ ಬಂದದ್ದು ಕಾಣಲಿಲ್ಲವಾ, ಮೊನ್ನಿ ಬಿದ್ದೆ. ಅಂಜಿಕಿ ಬಂತು" ಎಂದಳು. ಒತ್ತಡ ಅಂಚಿನಿಂದ ತಿಂದು ನಡುವಿಗೆ ಬಂದಿತ್ತು.

ಸೂಜಿ ತೋರಿಸಿದ ಹೆಂಗಸಿಗೆ ವಿಷಯ ಅರ್ಥವಾಗಿ ಅಳತೊಡಗಿದಳು. "ಹಂಗಾರ ನಾವು ಆಕಿ ಕಣ್ಣ ಕುಡದ್ವೇನ್ರಿ ಅಕ್ಕಾರ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ತಪ್ಪು ಹೊರಲು ಇನ್ನೊಂದು ಹೆಗಲು ಸಿಕ್ಕಿತ್ತು, ಆ ಗಳಿಗೆಯಲ್ಲಿ ಅದು ಅಲ್ಲೇ ಇರಲಿ ಎನ್ನಿಸಿತು. ನಾನು ಮಾಡಿದ ಎಲ್ಲದರಲ್ಲಿ ಆ ಮೌನ ನನಗೆ ಅತ್ಯಂತ ಹೇಸಿಗೆಯದೆನ್ನಿಸುತ್ತದೆ.

ಮರುದಿನವೇ ಹುಬ್ಬಳ್ಳಿಗೆ ಹೋದೆವು. ನೋಟ ನಡುವಿನಲ್ಲಿ ಒಂದು ಸಣ್ಣ ಬಿಲ್ಲೆಯಷ್ಟು ಮಾತ್ರ ಉಳಿದಿದೆ, ಅದನ್ನು ಉಳಿಸಲು ಆಪರೇಶನ್ ಮಾಡಿ ನೋಡಬಹುದು, ಭರವಸೆ ಕೊಡಲಾರೆ ಎಂದರು ಡಾಕ್ಟರು. "ಇಷ್ಟು ವರ್ಷ ಯಾಕ ಕರಕೊಂಡು ಬರಲಿಲ್ರಿ?" ಎಂದು ಕೇಳಿದರು. "ರಜೆ ಸಿಗಲಿಲ್ರಿ" ಎಂದೆ. ದೊಡ್ಡವ್ವ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು.

ಆಪರೇಶನ್ ಮಾಡಿಸಿಕೊಂಡು, ಕೆಲವು ದಿನಗಳ ಮೇಲೆ ರೈಲಿನಲ್ಲಿ ತಿರುಗಿ ಬರುತ್ತಿದ್ದೆವು. ಅವಳು ಕಿಟಕಿಯ ಪಕ್ಕ ಕೂತಿದ್ದಳು, ಕಣ್ಣಿಗೆ ಬಟ್ಟೆ ಕಟ್ಟಿತ್ತು. ಗದಗ ದಾಟಿತು. ಅವಳು ಇನ್ನೂ ಕೇಳಿರಲಿಲ್ಲ. ಕೇಳುವ ಮೊದಲು ಹೇಳಿಬಿಡಬೇಕು ಎನ್ನಿಸಿತು.

"ದೊಡ್ಡವ್ವ, ನಿನ್ನ ಎಡಗಣ್ಣು ಇಲ್ಲ."

ಅವಳು ನನ್ನ ಕಡೆ ಮುಖ ತಿರುಗಿಸಿದಳು.

"ಯಾವಾಗ್ಲೋ ಮುಗದೈತಿ. ಹೆರದು ಹೆರದು ಖಾಲಿ ಮಾಡಿದೆ. ಉಳದದ್ದು ನಾನ ಮಂದಿಗಿ ಹಂಚಿದೆ. ಇಷ್ಟ್ ದಿನ ನಿನಗ ಸುಳ್ಳ ಹೇಳಿದೆ."

"ಗೊತ್ತೈತಿ."

"ಯಾವಾಗಿಂದ ಗೊತ್ತೈತಿ?"

"ನೀ ಬಸ್ ಇಳಿಯೂದು ಬಿಟ್ಟಿಯಲ್ಲ, ಆವಾಗಿಂದ."

"ಮತ್ತ ನಾ ಬಂದ ಬಂದ ಸಲಾ ಯಾಕ ಕೇಳ್ತಿದ್ದಿ?" ನನ್ನ ದನಿ ಏರಿತು. ಅಂಥ ಹೊತ್ತಿನಲ್ಲೂ ನನಗೆ ಸಿಟ್ಟು ಬಂದಿತ್ತು.

"ಮತ್ತೇನ್ ಕೇಳಲವಾ?" ಎಂದಳು ದೊಡ್ಡವ್ವ. "ನಿನ್ನ ಕಾಲೇಜು, ನಿನ್ನ ಮಷೀನು, ನಿನ್ನ ಬೆಂಗಳೂರು, ನನಗೇನ್ ತಿಳೀತೈತಿ? ಅದರಾಗೆಲ್ಲಾ ನನ್ನ ಗುರ್ತಿಂದು ಅಂದ್ರ ನನ್ನ ಕಣ್ಣೊಂದ. ಅದನ್ನ ಕೇಳಿದ್ರ ನೀ ಒಂದೀಟು ಹೊತ್ತು ನಿಂತು ಮಾತಾಡ್ತಿ ಅಂತ ಕೇಳ್ತಿದ್ದೆ."

ರೈಲಿನ ಡಬ್ಬಿಯಲ್ಲಿ ಮಂದಿ ತುಂಬಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅವಳು ಕೈ ಚಾಚಿ ನನ್ನ ಮಂಡಿ ಹುಡುಕಿ ತಟ್ಟಿದಳು. "ಹೋಗಲಿ, ಏನ್ ಕಾಣ್ತು ಅದರಾಗ? ಅದನ್ನರ ಹೇಳು" ಎಂದಳು.

ನಾನು ಹೇಳಿದೆ. "ಕಣ್ಣಿನ ಹಿಂದ ಒಂದು ಸಾಣಿಗಿ ಇರತೈತಿ ದೊಡ್ಡವ್ವ, ಹಿಟ್ಟ ಸಾಣಸ್ತಿಯಲ್ಲ, ಅಂಥಾದ್ದು. ಅದರ ತೂತಿನಾಗ ಹಾದು ನರದ ಎಳಿ ಹೊರಗ ಹೋಗ್ತಾವ. ಒಳಗಿನ ನೀರು ಒತ್ತಿ ಒತ್ತಿ ಸಾಣಿಗಿ ಹಿಂದಕ್ಕ ಬಾಗಿತ್ತು. ತೂತು ಸೊಟ್ಟ ಆಗಿ ಎಳಿ ಸಿಕ್ಕೊಂಡು ಕಡದಿದ್ವು." ಅವಳು ನಡುನಡುವೆ ಕೇಳುತ್ತ ಹೋದಳು. ಎಳೆ ಎಷ್ಟು ದಪ್ಪ, ಯಾವ ಬಣ್ಣ, ನೋವು ಕಾಣುತ್ತದೆಯೇ. ತಳಕಲ್ಲು ದಾಟಿ ಕೊಪ್ಪಳ ಬರುವವರೆಗೂ ಹೇಳಿದೆ. ಅಷ್ಟು ಮಾತನ್ನು ನಾನು ಅವಳ ಜೊತೆ ಅದೆಷ್ಟೋ ವರ್ಷಗಳಿಂದ ಆಡಿರಲಿಲ್ಲ.

ಓಣಿಯ ಹೆಂಗಸರಿಗೂ ಹೋಗಿ ಹೇಳಿದೆ, ತಪ್ಪು ನಿಮ್ಮದಲ್ಲ, ತಿಳಿಸಿ ಹೇಳದ ನನ್ನದು ಎಂದು. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಅವರೇ ಸರದಿ ಹಚ್ಚಿ, ಹೊತ್ತು ತಪ್ಪದೆ ಅವಳ ಕಣ್ಣಿಗೆ ಹನಿ ಹಾಕಿದರು. ನಾನೂ ಪ್ರತಿ ವಾರ ಬಸ್ಸಿಳಿದು ಮನೆಗೆ ಹೋಗಿ ರೊಟ್ಟಿ ಉಂಡು ಬಂದೆ. ಅಷ್ಟೆಲ್ಲ ಮಾಡಿದರೂ ಆ ಬಿಲ್ಲೆಯಷ್ಟು ನೋಟ ಉಳಿಯಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ದೊಡ್ಡವ್ವ ಗೋಡೆ ಹಿಡಿದು ನಡೆಯತೊಡಗಿದಳು. ಕೌದಿಯ ಸುತ್ತ ಕೂತವರ ನಡುವೆ ಕೂತು, ಕೊನೆಯ ತೇಪೆಗೆ ರೊಟ್ಟಿ ಮುರಿದು ಕೊಡುವುದೊಂದೇ ಅವಳಿಗೆ ಉಳಿದ ಕೆಲಸ.

ಎಂಬತ್ತರ ದಶಕದ ನಡುವಿನಲ್ಲಿ ಅವಳು ತೀರಿಕೊಂಡಳು. ಮೈ ತೊಳೆದು, ವಿಭೂತಿ ಹಚ್ಚಿ, ಕೂರಿಸಿದರು. ಸೂಜಿ ತೋರಿಸಿದ್ದ ಹೆಂಗಸು ಹಲ್ಲಿನ ಡಬ್ಬಿಯನ್ನು ನೆನಪಿನಿಂದ ತಂದು ನನ್ನ ಕೈಗಿಟ್ಟಳು. ನಾನು ರಾಳದ ತುಣುಕುಗಳನ್ನು ಅದರೊಳಗೆ ಹಾಕಿ ಮುಚ್ಚಿದೆ. ಕುಣಿಯ ಹತ್ತಿರ ನಿಂತಿದ್ದ ಹಿರಿಯರು, "ಅದೇನವಾ?" ಎಂದು ಕೇಳಿದರು. "ಕಣ್ಣ್ರಿ" ಎಂದೆ. ಅವರು ನನ್ನ ಮುಖ ನೋಡಿ ಮತ್ತೇನೂ ಕೇಳದೆ ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟರು.

ಎಡಗಣ್ಣಿನದು ಒಂದು ಚೂರಾದರೂ ತಿರುಗಿ ಕೊಟ್ಟೆ. ನನ್ನ ಬಲಗಣ್ಣು ಏನು ಮಾಡಿದಿ ಎಂದು ಮಾತ್ರ ದೊಡ್ಡವ್ವ ನನ್ನನ್ನು ಒಂದು ಸಲವೂ ಕೇಳಲಿಲ್ಲ.